ಚಿತ್ರ ಬರೆದೇ ಕ್ವಾಂಟಮ್ ಲೆಕ್ಕ: ಬಾಬ್ ಕೂಕೆ ಥರದ ಕೆಲಸಕ್ಕೆ ಪುಣೆಯಿಂದ ದಾರಿ ಯಾವುದು?

ಕೋಥ್ರೂಡ್_ಕನ್ನಡತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಟಿವೈ (ಮೂರನೇ ವರ್ಷದ) ಬಿಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಬ್ರಾ-ಕೆಟ್ (ಕ್ವಾಂಟಮ್ ಸ್ಥಿತಿ ಬರೆಯುವ ಚಿಹ್ನೆಗಳು) ಬರೆದು ಪುಟ ತುಂಬಿಸುವ ಬದಲು ಬಣ್ಣದ ಚುಕ್ಕಿ, ತಂತಿ ಬರೆದು ಕ್ವಾಂಟಮ್ ಲೆಕ್ಕ ಮಾಡುವ ಝಡ್‌ಎಕ್ಸ್ ಕ್ಯಾಲ್ಕುಲಸ್, ಅದನ್ನು ಕಟ್ಟಿದ ಬಾಬ್ ಕೂಕೆ, ಇವೆರಡೂ ತಲೆಗೆ ಹತ್ತಿವೆ. ತಿಳಿದವರು ಮೂರು ವಿಷಯ ಹೇಳಬೇಕು.

ಅವರು ಫಿಸಿಕ್ಸ್‌ನವರಾಗಿದ್ದೂ ಇಂಥ ಕೆಲಸದಲ್ಲಿ ಊರಿಕೊಂಡದ್ದು ಹೇಗೆ? ಚಿತ್ರ ಬಂದರೆ ಮ್ಯಾಟ್ರಿಕ್ಸ್ ಲೆಕ್ಕ ಬಿಡಬಹುದಾ, ಅಥವಾ ಎರಡೂ ಬೇಕಾ? ಮುಂಬೈ, ಪುಣೆ, ಗೋವಾ ಬಿಟ್ಟು ಸದ್ಯಕ್ಕೆ ಹೋಗುವ ಹಾಗಿಲ್ಲ. ಇಲ್ಲಿಂದಲೇ ಏನು ಶುರು ಮಾಡಬಹುದು?

---

ಮಾಟುಂಗಾ_ಮಾಣಿ:

ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪು ತಿಳಿದುಕೊಳ್ಳುವುದು ಅಲ್ಲೇ. ಕೂಕೆ ಬೆಲ್ಜಿಯಂನವರು, ಬ್ರಸೆಲ್ಸ್‌ನಲ್ಲಿ ಕ್ವಾಂಟಮ್ ಸಿದ್ಧಾಂತದ ಬುಡದ ಪ್ರಶ್ನೆಗಳ ಮೇಲೆ ಪಿಎಚ್‌ಡಿ ಮಾಡಿದವರು. ಆಮೇಲೆ ಲಂಡನ್ನಿನ ಇಂಪೀರಿಯಲ್, ಕೆನಡಾದ ಮೆಕ್‌ಗಿಲ್, ಕೇಂಬ್ರಿಡ್ಜ್ ಎಂದು ಪೋಸ್ಟ್‌ಡಾಕ್ ಸುತ್ತಾಟ. ಕೊನೆಗೆ ನೆಲೆ ಸಿಕ್ಕಿದ್ದು ಆಕ್ಸ್‌ಫರ್ಡಿನಲ್ಲಿ, ಅದೂ ಫಿಸಿಕ್ಸ್ ವಿಭಾಗದಲ್ಲಲ್ಲ, ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ. ಇದು ಆಕಸ್ಮಿಕವಲ್ಲ. ಪ್ರೋಗ್ರಾಮ್‌ಗಳನ್ನು ಜೋಡಿಸುವ ಗಣಿತ ಎಂದು ಕಂಪ್ಯೂಟರ್ ಸೈನ್ಸ್‌ನವರು ಆಗಲೇ ಕೆಟಗರಿ ಥಿಯರಿ ಬಳಸುತ್ತಿದ್ದರು. ಫಿಸಿಕ್ಸ್‌ನವರಿಗೆ ಆಗ ಅದು ಬೇಡದ ನೆಂಟ.

2004ರಲ್ಲಿ ಸ್ಯಾಮ್ಸನ್ ಅಬ್ರಾಮ್ಸ್ಕಿ ಜೊತೆ ಬರೆದ ಪೇಪರ್ ನೋಡಿ. ಒಂದು ಕಡೆಯ ಕ್ವಾಂಟಮ್ ಸ್ಥಿತಿಯನ್ನು ಇನ್ನೊಂದು ಕಡೆ ಮೂಡಿಸುವ ಟೆಲಿಪೋರ್ಟೇಶನ್ನಿನಂಥ ಪ್ರೋಟೋಕಾಲ್‌ಗಳನ್ನು ಕೆಟಗರಿಯ ಭಾಷೆಯಲ್ಲಿ ಕಟ್ಟಿಕೊಟ್ಟದ್ದು ಅದೇ. ಅದು ಬಂದದ್ದು ತರ್ಕ ಮತ್ತು ಕಂಪ್ಯೂಟರ್ ಸೈನ್ಸ್ ಸಮ್ಮೇಳನದಲ್ಲಿ. ರಾಸ್ ಡಂಕನ್ ಜೊತೆ ಝಡ್‌ಎಕ್ಸ್ ಕ್ಯಾಲ್ಕುಲಸ್ ಬಂದದ್ದು 2008ರಲ್ಲಿ, ಅದೂ ಕಂಪ್ಯೂಟರ್ ಸೈನ್ಸ್ ಸಮ್ಮೇಳನದಲ್ಲೇ. ಅದರ ಪೂರ್ತಿ ರೂಪ ಫಿಸಿಕ್ಸ್ ಜರ್ನಲ್‌ಗೆ ಕಾಲಿಟ್ಟದ್ದು 2011ರಲ್ಲಿ. ಅಲೆಕ್ಸ್ ಕಿಸಿಂಜರ್ ಜೊತೆಗಿನ ದಪ್ಪ ಪಠ್ಯಪುಸ್ತಕ 2017ರದು, 800ಕ್ಕೂ ಹೆಚ್ಚು ಪುಟ. ನಡುವೆ 2010ರಲ್ಲಿ ಇದೇ ತಂತಿ-ಡಬ್ಬಿ ಚಿತ್ರಗಳನ್ನು ವಾಕ್ಯದ ಅರ್ಥಕ್ಕೆ ಹಚ್ಚಿದರು: ಪದಗಳು ಡಬ್ಬಿ, ವ್ಯಾಕರಣ ತಂತಿ. 2021ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಕೇಂಬ್ರಿಡ್ಜ್ ಕ್ವಾಂಟಮ್ ಸೇರಿದರು. ಅದೇ ವರ್ಷ ಆ ಕಂಪನಿ ಹನಿವೆಲ್‌ನ ಕ್ವಾಂಟಮ್ ವಿಭಾಗದ ಜೊತೆ ಸೇರಿ ಕ್ವಾಂಟಿನ್ಯುಅಮ್ ಆಯಿತು. (ಮೆಟಲ್ ಸಂಗೀತವನ್ನೂ ನುಡಿಸುತ್ತಾರೆ. ಅದಕ್ಕೆ ಇಲ್ಲಿ ಯಾರೂ ಸ್ಟೈಪೆಂಡ್ ಕೊಡುವುದಿಲ್ಲ.)

ಇದರಲ್ಲಿ ನಿಮಗೆ ಉಪಯೋಗದ ಮಾತು ಒಂದೇ. ಚಿತ್ರ ಚೆನ್ನಾಗಿದೆ ಎಂದು ಈ ವಿಷಯ ನಿಂತದ್ದಲ್ಲ, ಚಿತ್ರದ ನಿಯಮಗಳು ಸಾಕು ಎಂದು ಸಾಬೀತಾದದ್ದಕ್ಕೆ ನಿಂತಿತು. ಚುಕ್ಕಿಗಳೊಳಗೆ ಬರೆಯುವ ಕೋನಗಳು ಪೈ ಬೈ 2ರ ಗುಣಕಗಳಾಗಿದ್ದರೆ, ನಿಜವಾದ ಸಮೀಕರಣ ಯಾವುದನ್ನೇ ಆದರೂ ಚಿತ್ರದ ನಿಯಮಗಳಿಂದಲೇ ಪಡೆಯಬಹುದು ಎಂದು ಮಿರಿಯಮ್ ಬ್ಯಾಕೆನ್ಸ್ 2014ರಲ್ಲಿ ತೋರಿಸಿದರು. ಪೈ ಬೈ 4 ಬಂದಾಗ ಹಳೆಯ ನಿಯಮಗಳು ಸಾಲಲಿಲ್ಲ. ಹೊಸವನ್ನು ಸೇರಿಸಿ ಝಾಂಡೆಲ್, ಪೆರ್ಡ್ರಿ, ವಿಲ್ಮಾರ್ 2018ರಲ್ಲಿ ಮುಗಿಸಿದರು. ಹತ್ತು ವರ್ಷದ ಈ ಕೆಲಸ ಪೂರ್ತಿ ಬೀಜಗಣಿತ ಮತ್ತು ತರ್ಕ. ಚಿತ್ರಕಲೆ ಅಂದುಕೊಂಡು ಬಂದವರು ಇಲ್ಲಿ ಉಳಿಯುವುದಿಲ್ಲ.

---

ಧಾರವಾಡ_ಟು_ಪಾಷಾಣ:

ಮಾಣಿ ಅವರು ಹೇಳಿದ್ದು ಖರೇ. ಆದ್ರ ತಂಗಿ ಕೇಳಿದ ಎರಡನೇ ಪ್ರಶ್ನೆಗೆ ಮಾತಿಂದ ಉತ್ತರ ಆಗೂದಿಲ್ಲ, ಒಂದು ಲೆಕ್ಕ ಕೈಯಿಂದ ಮಾಡೇ ನೋಡ್ಬೇಕು.

ಹಾಳಿ ಅಡ್ಡ ಇಟ್ಟು ಎಡದಿಂದ ಬಲಕ್ಕ ಎರಡು ಗೆರಿ ಎಳೀರಿ. ಮ್ಯಾಲಿಂದು ಕಂಟ್ರೋಲ್ ಕ್ಯೂಬಿಟ್ (ಕ್ವಾಂಟಮ್ ಬಿಟ್), ಕೆಳಗಿಂದು ಟಾರ್ಗೆಟ್. ಸಿ-ನಾಟ್ ಗೇಟ್ (ಕಂಟ್ರೋಲ್ 1 ಇದ್ದಾಗ ಮಾತ್ರ ಟಾರ್ಗೆಟ್ ತಿರುಗಿಸೂದು) ಅಂದ್ರ ಮ್ಯಾಲಿನ ಗೆರಿಗೆ ಒಂದು ಹಸಿರು ಚುಕ್ಕಿ, ಕೆಳಗಿನ ಗೆರಿಗೆ ಒಂದು ಕೆಂಪು ಚುಕ್ಕಿ, ಇವೆರಡರ ನಡುವ ಒಂದು ತಂತಿ. ಹಸಿರು ಚುಕ್ಕಿಗೆ 0 ಬಂದ್ರ ಎಲ್ಲಾ ಕಾಲಿಗೂ 0, 1 ಬಂದ್ರ ಎಲ್ಲಾ ಕಾಲಿಗೂ 1. ಚುಕ್ಕಿಯೊಳಗ ಕೋನ ಬರ್ದಿದ್ರ ಆ ಫೇಸ್ 1ರ ಪಾಲಿಗೆ ಅಷ್ಟ. ಕೆಂಪು ಚುಕ್ಕಿ ಇದ ಕೆಲಸಾನ ಪ್ಲಸ್-ಮೈನಸ್ ಬೇಸಿಸ್‌ನ್ಯಾಗ ಮಾಡ್ತದ. ಎರಡು ಕಾಲು ಒಳಗ, ಒಂದು ಹೊರಗ ಇದ್ದ ಕೆಂಪು ಚುಕ್ಕಿ ಅಂದ್ರ ಎಕ್ಸ್-ಓಆರ್ (ಎರಡು ಬಿಟ್ ಬ್ಯಾರೆ ಇದ್ರ 1, ಒಂದ ಇದ್ರ 0), ಆದ್ರ ರೂಟ್ 2ರಿಂದ ಭಾಗಿಸಿದ್ದು. ಅದಕ್ಕ ಖರೇ ಸಿ-ನಾಟ್ ಅಂದ್ರ ಈ ಚಿತ್ರಕ್ಕ ರೂಟ್ 2 ಗುಣಿಸಿದ್ದು. ಇದನ್ನ ಮೂಲ್ಯಾಗ ಬರ್ದು ಇಡ್ರಿ, ಮುಂದ ಬೇಕಾಗ್ತದ.

ಈಗ ಒಂದರ ಹಿಂದ ಒಂದು ಎರಡು ಸಿ-ನಾಟ್ ಹಾಕ್ರಿ. ಹೊರಗಿನ ಗುಣಕ ರೂಟ್ 2 ಎರಡು ಸಲ, ಅಂದ್ರ 2. ಒಂದ ಬಣ್ಣದ ಚುಕ್ಕಿ ತಂತಿಯಿಂದ ಕೂಡಿದ್ರ ಒಂದಾಗ್ತಾವ, ಕೋನ ಇದ್ರ ಕೂಡಿಸ್ಬೇಕು. ಮ್ಯಾಲಿನ ಎರಡು ಹಸಿರು ಒಂದಾದವು, ಕೆಳಗಿನ ಎರಡು ಕೆಂಪು ಒಂದಾದವು. ಉಳಿದಿದ್ದು ಒಂದು ಹಸಿರು, ಒಂದು ಕೆಂಪು, ನಡುವ ಜೋಡಿ ತಂತಿ. ಹಸಿರು-ಕೆಂಪಿನ ನಡುವ ಜೋಡಿ ತಂತಿ ಇದ್ರ ಎರಡನ್ನೂ ಕತ್ತರಿಸಬಹುದು, ಗುಣಕ ಅರ್ಧ ಆಗ್ತದ. ಇದಕ್ಕ ಹಾಪ್ಫ್ ನಿಯಮ ಅಂತಾರ. ಯಾಕ ಅಂದ್ರ, ಹಸಿರು ಚುಕ್ಕಿ ಎರಡೂ ತಂತಿಗೆ ಒಂದ ಬಿಟ್ ಕಳಸ್ತದ, ಕೆಂಪು ಚುಕ್ಕಿ ಎರಡನ್ನೂ ಎಕ್ಸ್-ಓಆರ್ ಮಾಡ್ತದ, ಬರೂದು ಯಾವಾಗ್ಲೂ 0. ಮ್ಯಾಲಿನ ಸುದ್ದಿ ಕೆಳಗ ಮುಟ್ಟೂದ ಇಲ್ಲ. 2 ಗುಣಿಸು ಅರ್ಧ, 1. ಕೋನ ಇಲ್ಲದ ಎರಡು ಕಾಲಿನ ಚುಕ್ಕಿ ಅಂದ್ರ ಬರೇ ತಂತಿ, ಅಳಿಸ್ರಿ. ಎರಡು ಖಾಲಿ ಗೆರಿ ಉಳೀತು. ಎರಡು ಸಿ-ನಾಟ್ ಅಂದ್ರ ಏನೂ ಮಾಡದಂಗ, ಗುಣಕ ಸಮೇತ ಸಿದ್ಧ ಆತು.

ಇಷ್ಟ ಲೆಕ್ಕದಾಗ ಹುಡುಗ್ರು ಎಲ್ಲೆಲ್ಲಿ ಎಡವ್ತಾರ ಅಂದ್ರ:

ಹಾಪ್ಫ್ ನಿಯಮಾನ ಒಂದ ಬಣ್ಣದ ಎರಡು ಚುಕ್ಕಿ ನಡುವನೂ ಹಚ್ಚಿಬಿಡ್ತಾರ. ಅಲ್ಲಿ ಕತ್ತರಿಸೂದಲ್ಲ, ಕೂಡಿಸೂದು. ಉಳಿದ ತಂತಿ ತನಗ ತಾನ ಸುತ್ತಿಕೊಂಡು ಮಾಯ ಆಗ್ತದ. ಸುತ್ತಿಕೊಂಡ ತಂತಿ ಮ್ಯಾಲ ಹಾಡಮಾರ್ಡ್ ಡಬ್ಬಿ (0-1 ಬೇಸಿಸ್ಸನ್ನ ಪ್ಲಸ್-ಮೈನಸ್ಸಿಗೆ ಬದಲಿಸೂ ಗೇಟ್) ಇದ್ರ ಮಾತ್ರ ಸುಮ್ಮನ ಹೋಗೂದಿಲ್ಲ, ಚುಕ್ಕಿಗೆ ಪೈ ಕೋನ ಬಿಟ್ಟು ಹೋಗ್ತದ.

ಕೆಂಪು ಪೈ ಚುಕ್ಕೀನ ಹಸಿರು ಆಲ್ಫಾ ಚುಕ್ಕಿ ಮೂಲಕ ದಾಟಿಸಿದ್ರ ಆಲ್ಫಾ ಹೋಗಿ ಮೈನಸ್ ಆಲ್ಫಾ ಆಗ್ಬೇಕು. ಸಂಜ್ಞೆ ಬದಲಿಸೂದು ಮರೀತಾರ. ಪೈ, ಸೊನ್ನೆ ಇದ್ದಾಗ ತಪ್ಪು ಕಾಣೂದಿಲ್ಲ, ಪೈ ಬೈ 4 ಬಂದ ಕೂಡ್ಲೆ ಉತ್ತರ ಹಳ್ಳ ಹಿಡೀತದ.

ಇನ್ನ ಟೆಲಿಪೋರ್ಟೇಶನ್. ಬಗ್ಗಿಸಿದ ತಂತೀನ ಎಳದು ನೆಟ್ಟಗ ಮಾಡಿದ್ರ ಆತು ಅಂತ ವಿಡಿಯೊದಾಗ ತೋರಿಸ್ತಾರ. ಚಿತ್ರ ಸರಿನ ಅದ. ಆದ್ರ ಬೆಲ್ ಸ್ಥಿತಿಗೊಂದು (ಒಂದಕ್ಕೊಂದು ಹೆಣೆದುಕೊಂಡ ಎರಡು ಕ್ಯೂಬಿಟ್ಟಿನ ಜೋಡಿ), ಅಂಥ ಜೋಡೀನ ಅಳಿಯೂ ಬೆಲ್ ಮಾಪನಕ್ಕೊಂದು ರೂಟ್ 2ರ ಭಾಗ ಅದ. ಎರಡೂ ಕೂಡಿ ಆಂಪ್ಲಿಟ್ಯೂಡ್ ಅರ್ಧ, ಅಂದ್ರ ಸಂಭವ ನಾಲ್ಕರಲ್ಲಿ ಒಂದು. ಉಳಿದ ಮೂರು ಫಲಿತಾಂಶಕ್ಕ ಪೈ ಚುಕ್ಕಿ ನಡುವ ಬರ್ತಾವ, ಅವನ್ನ ತೆಗೀಲಿಕ್ಕೆ ಎರಡು ಬಿಟ್ ಸುದ್ದಿ ಫೋನ್ ಮಾಡೇ ತಿಳಸ್ಬೇಕು. ಗುಣಕ ಬರೀದೆ ಬಿಟ್ಟವ್ರು ಬೆಳಕಿಗಿಂತ ಜಲ್ದಿ ಸುದ್ದಿ ಕಳಿಸಿದ್ವಿ ಅಂತ ಕುಣೀತಾರ.

ಹಿಂಗ ಒಂದೊಂದು ಚಿತ್ರಕ್ಕೂ ಪಕ್ಕದಾಗ 4 ಬೈ 4 ಮ್ಯಾಟ್ರಿಕ್ಸ್ ಬರ್ದು ತಾಳೆ ನೋಡೂದು ರೂಢಿ ಆಗ್ಲಿ. ಮ್ಯಾಟ್ರಿಕ್ಸ್ ಬಿಡ್ಬ್ಯಾಡ್ರಿ.

---

ಮಾಂಡೋವಿ_ತೀರ:

ಝಡ್‌ಎಕ್ಸ್ ಒಂದನ್ನೇ ಹಿಡಿದು ಕೂರುವುದಕ್ಕೆ ನನ್ನ ತಕರಾರಿದೆ. ಫಿಸಿಕ್ಸ್‌ನಲ್ಲಿ ಚಿತ್ರದ ಗಣಿತ ಹಳೆಯ ಸಂಪ್ರದಾಯ, ಮತ್ತು ಫಿಸಿಕ್ಸ್ ವಿಭಾಗದಲ್ಲೇ ಸೀಟು ಸಿಗುವ ಸಾಧ್ಯತೆ ಆ ಬೇರೆ ಕೊಂಬೆಗಳಲ್ಲಿ ಹೆಚ್ಚು.

ಫೈನ್‌ಮನ್ 1948ರಲ್ಲಿ ಅಮೆರಿಕದ ಪೊಕೊನೊ ಸಭೆಯಲ್ಲಿ ಕಣಗಳ ಲೆಕ್ಕಕ್ಕೆ ಚಿತ್ರ ಹಿಡಿದು ನಿಂತಾಗ ಕೇಳಿದ ದೊಡ್ಡವರು ಒಪ್ಪಲಿಲ್ಲ. ಒಪ್ಪಿಗೆ ಬಂದದ್ದು 1949ರಲ್ಲಿ, ಫ್ರೀಮನ್ ಡೈಸನ್ ಆ ಚಿತ್ರಗಳನ್ನು ಶ್ವಿಂಗರ್, ಟೊಮೊನಾಗಾ ಅವರ ಸೂತ್ರಗಳ ಜೊತೆ ತಾಳೆ ಹಾಕಿ, ಯಾವ ಗೆರೆಗೆ ಯಾವ ಪದ ಎಂದು ನಿಯಮ ಕಟ್ಟಿದ ಮೇಲೆ. ಇಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವುದು ಪ್ರತಿ ಚಿತ್ರದ ಮುಂದೆ ಬರುವ ಭಿನ್ನರಾಶಿ, ಅಂದರೆ ಸಿಮೆಟ್ರಿ ಫ್ಯಾಕ್ಟರ್‌ನಲ್ಲಿ. ಪ್ರತಿ ಶೃಂಗದಲ್ಲಿ ನಾಲ್ಕು ಗೆರೆ ಕೂಡುವ ಫೈ-4 ಸಿದ್ಧಾಂತದಲ್ಲಿ ಎಂಟರ ಆಕಾರದ ಚಿತ್ರಕ್ಕೆ ಎಂಟನೇ ಒಂದು, ಒಂದೇ ಕುಣಿಕೆಯ ಟ್ಯಾಡ್‌ಪೋಲ್‌ಗೆ ಅರ್ಧ, ಮೂರು ಗೆರೆಗಳ ಸನ್‌ಸೆಟ್ ಚಿತ್ರಕ್ಕೆ ಆರನೇ ಒಂದು. ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ಕಾಲುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಎಣಿಸಿ, ಪ್ರತಿ ಶೃಂಗಕ್ಕೂ 24ರಿಂದ, ಜೊತೆಗೆ ಶೃಂಗಗಳ ಸಂಖ್ಯೆಯ ಫ್ಯಾಕ್ಟೋರಿಯಲ್‌ನಿಂದ ಭಾಗಿಸಿ. ಎಂಟರ ಆಕಾರಕ್ಕೆ ಜೋಡಣೆ 3. ಮೂರು ಬೈ 24, ಅಲ್ಲಿಗೆ ಎಂಟನೇ ಒಂದು ಬಂತು.

ರೋಜರ್ ಪೆನ್ರೋಸ್ ಇನ್ನೊಂದು ದಾರಿ. ಅವರ ಪಿಎಚ್‌ಡಿ ಗಣಿತದಲ್ಲಿ, ನೊಬೆಲ್ ಮಾತ್ರ ಫಿಸಿಕ್ಸ್‌ನಲ್ಲಿ, 2020. ಟೆನ್ಸರ್‌ನ ಸೂಚ್ಯಂಕಗಳ ಬದಲು ಕಾಲು, ಕೈ ಬರೆಯುವ ಅವರ ಪದ್ಧತಿ 1971ರಲ್ಲಿ ಅಚ್ಚಾಯಿತು. ಕೂಕೆ ಅವರ ತಂತಿಗಳ ಮೂಲ ಹುಡುಕಿದರೆ ಇಲ್ಲಿಗೇ ಬರುತ್ತೀರಿ. ಅದರಲ್ಲಿ ಮುಚ್ಚಿದ ಕುಣಿಕೆಯ ಬೆಲೆ ಆ ಸ್ಪೇಸ್‌ನ ಆಯಾಮ; ಸ್ಪಿನ್‌ಗೆ ಹೊಂದುವ ಒಂದು ಬಗೆಯಲ್ಲಿ ಅದು ಮೈನಸ್ 2 ಆಗುತ್ತದೆ, ಆಗ ಸಂಜ್ಞೆಗಳ ಗೋಜಲು ಎಷ್ಟೋ ಕರಗುತ್ತದೆ. ಈ ಪದ್ಧತಿಯನ್ನು 1991ರಲ್ಲಿ ಜೊಯಾಲ್ ಮತ್ತು ಸ್ಟ್ರೀಟ್ ಎಂಬ ಗಣಿತಜ್ಞರು ಪ್ರಮೇಯಗಳಿಂದ ಭದ್ರ ಮಾಡಿದರು. ಇಪ್ಪತ್ತು ವರ್ಷ ಚಿತ್ರ ಮೊದಲು, ಸಾಕ್ಷಿ ಆಮೇಲೆ.

ಈಗ ಕೆಲಸದ ಮಾತು: ಟೆನ್ಸರ್ ನೆಟ್‌ವರ್ಕ್. ಇಲ್ಲಿಯೂ ಚಿತ್ರವೇ, ಆದರೆ ಸಂಖ್ಯೆ ಹುಟ್ಟಿಸುವ ಚಿತ್ರ. 50 ಸ್ಪಿನ್‌ಗಳ ಸರಪಳಿಗೆ ಪೂರ್ತಿ ಅಲೆಫಲನ ಬರೆಯಲು 2ರ ಘಾತ 50, ಅಂದರೆ ಸುಮಾರು 10ರ ಘಾತ 15 ಸಂಖ್ಯೆಗಳು ಬೇಕು. ಪ್ರತಿ ಸ್ಪಿನ್ನಿಗೆ ಮೂರು ಕಾಲಿನ ಒಂದು ಡಬ್ಬಿ ಇಟ್ಟು, ಪಕ್ಕದ ಡಬ್ಬಿಗೆ ಕೂಡಿಸುವ ತಂತಿಯ ಗಾತ್ರ 100 ಎಂದಿಟ್ಟುಕೊಂಡರೆ 50 ಗುಣಿಸು 2 ಗುಣಿಸು 10,000, ಅಂದರೆ ಹತ್ತು ಲಕ್ಷ ಸಾಕು. ಸ್ಟೀವನ್ ವೈಟ್ 1992ರಲ್ಲಿ ಕೊಟ್ಟ ಡಿಎಂಆರ್‌ಜಿ ಎಂಬ ಲೆಕ್ಕದ ವಿಧಾನ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ಕಾರಣ ಇದೇ. ಸರಪಳಿಯಲ್ಲಿ ಎಂಟ್ಯಾಂಗಲ್‌ಮೆಂಟ್ (ಸ್ಪಿನ್ನುಗಳ ಕ್ವಾಂಟಮ್ ಹೆಣಿಗೆ) ಕಡಿಮೆ ಇದ್ದಾಗ ಮಾತ್ರ ಈ ಉಳಿತಾಯ. ವಸ್ತುವಿನ ಸ್ಥಿತಿ ಬದಲಾಗುವ ಕ್ರಿಟಿಕಲ್ ಬಿಂದುವಿನ ಹತ್ತಿರ ಹೋದಂತೆ, ಇಲ್ಲವೇ ಎರಡು ಆಯಾಮಕ್ಕೆ ಹೋದಂತೆ ತಂತಿಯ ಗಾತ್ರ ಬೆಳೆಯುತ್ತದೆ, ಲ್ಯಾಪ್‌ಟಾಪ್ ಕೈಚೆಲ್ಲುತ್ತದೆ.

---

ಕೋಥ್ರೂಡ್_ಕನ್ನಡತಿ:

ಧನ್ಯವಾದಗಳು, ಎರಡು ಸಿ-ನಾಟ್ ಲೆಕ್ಕ ಗುಣಕ ಸಮೇತ ಬಂತು. ಪೈಥಾನ್ ಗೊತ್ತಿದೆ. ಇನ್ನು ಪರೀಕ್ಷೆ ಯಾವುದು ಬರೆಯಲಿ, ಪ್ರಾಜೆಕ್ಟ್ ಕೇಳಿ ಮೇಲ್ ಹಾಕುವಾಗ ಜೊತೆಗೆ ಏನು ಕಳಿಸಲಿ, ಯಾರಾದರೂ ಹೇಳಿ.

---

ಪವಯಿ_ಕೆರೆ:

ಪರೀಕ್ಷೆಯ ಸುದ್ದಿ ಬೇಗ ಮುಗಿಸುತ್ತೇನೆ. ಬಿಎಸ್ಸಿ ಆದಮೇಲೆ ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಪ್ರವೇಶ ಪರೀಕ್ಷೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅವರದೇ ಜಿಎಸ್ ಪರೀಕ್ಷೆ. ಜೆಸ್ಟ್ ಎಂಬ ಇನ್ನೊಂದು ಪ್ರವೇಶ ಪರೀಕ್ಷೆಯನ್ನು ಹಲವು ಸಂಸ್ಥೆಗಳು ಒಪ್ಪುತ್ತವೆ. ಅದರಲ್ಲಿ ಫಿಸಿಕ್ಸ್ ಜೊತೆಗೆ ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್ ಪೇಪರೂ ಇರುವುದರಿಂದ ನಿಮ್ಮಂಥವರು ಗಮನಿಸಬೇಕಾದದ್ದು. ಎಂಎಸ್ಸಿ ಹೊತ್ತಿಗೆ ಸಿಎಸ್‌ಐಆರ್ ನೆಟ್. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಮುಂಬೈಯಲ್ಲಿ ಹಾಸ್ಟೆಲ್ ಸಿಗದಿದ್ದರೆ ಆ ಹಣ ಬಾಡಿಗೆಗೇ. ಈ ಯಾವ ಪರೀಕ್ಷೆಯಲ್ಲೂ ತಂತಿ-ಚುಕ್ಕಿ ಬರೆದವರಿಗೆ ಹೆಚ್ಚಿನ ಅಂಕ ಇಲ್ಲ. ಐಗನ್ ವ್ಯಾಲ್ಯೂ, ಟೆನ್ಸರ್ ಪ್ರಾಡಕ್ಟ್, ಆಂಗ್ಯುಲರ್ ಮೊಮೆಂಟಮ್ ಹಳೆಯ ಕ್ರಮದಲ್ಲೇ ಕೈಗೆ ಕೂತಿರಬೇಕು.

ಜಾಗಗಳು: ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಐಐಟಿ ಬಾಂಬೆಗೆ ಬಂದಿರುವುದು ಸೆನ್ಸಿಂಗ್ ಮತ್ತು ಮೆಟ್ರಾಲಜಿ (ಅಳತೆ) ಹಬ್. ಕಂಪ್ಯೂಟಿಂಗ್ ಹಬ್ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಹಾಗಾಗಿ ಮುಂಬೈಯಲ್ಲಿ ಹಬ್ ಇದೆ ಎಂದ ಮಾತ್ರಕ್ಕೆ ಸರ್ಕ್ಯೂಟ್ ಕಂಪೈಲರ್ ಕೆಲಸ ಅಲ್ಲೇ ಸಿಗುತ್ತದೆ ಎಂದುಕೊಳ್ಳಬೇಡಿ. ನಿಮಗೆ ಹತ್ತಿರದ್ದು ಪಾಷಾಣದ ಐಸರ್ ಎಂಬ ವಿಜ್ಞಾನ ಸಂಸ್ಥೆ, ಅಲ್ಲಿ ಐ-ಹಬ್ ಕ್ವಾಂಟಮ್ ಟೆಕ್ನಾಲಜಿ ಫೌಂಡೇಶನ್ ಇದೆ. ಸರ್ಕಾರಿ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್ ಮುಖ್ಯ ಕಚೇರಿಯೂ ಪುಣೆಯಲ್ಲೇ. ಐಐಎಸ್‌ಸಿ, ಐಐಟಿ ರೂರ್ಕಿ ಜೊತೆ ಕ್ಯೂಸಿಮ್ ಎಂಬ ಕ್ವಾಂಟಮ್ ಸಿಮ್ಯುಲೇಟರ್ ಕಟ್ಟಿದ್ದು ಅವರೇ. ಬೇಸಿಗೆ ಪ್ರಾಜೆಕ್ಟ್‌ಗಳಿಗೆ ಅರ್ಜಿ ಎಷ್ಟೋ ಕಡೆ ತಿಂಗಳುಗಳ ಮೊದಲೇ ಮುಗಿಯುತ್ತದೆ, ತಡವಾಗಿ ಹುಡುಕಿದರೆ ಹೆಚ್ಚಿನವು ಸಿಗವು. ಯಾವ ವರ್ಷದ ವಿದ್ಯಾರ್ಥಿ ಅರ್ಹ ಎನ್ನುವುದನ್ನು ಮೊದಲು ನೋಡಿಕೊಳ್ಳಿ.

ಮೇಲ್ ಜೊತೆ ಕಳಿಸಬೇಕಾದದ್ದು ಮಾಡಿ ತೋರಿಸಿದ ಒಂದು ಕೆಲಸ. ನಾನಾದರೆ ಇದನ್ನು ಹೇಳುತ್ತೇನೆ. ಕಿಸಿಂಜರ್ ಮತ್ತು ವಾನ್ ಡಿ ವೆಟರಿಂಗ್ ಬರೆದ ಪೈ-ಝಡ್‌ಎಕ್ಸ್ ಎಂಬ ಪೈಥಾನ್ ಲೈಬ್ರರಿ ಪುಕ್ಕಟೆ, ಪಿಪ್‌ನಿಂದ ಹಾಕಿಕೊಳ್ಳಬಹುದು. ಮೂರು ಕ್ಯೂಬಿಟ್‌ನ ಟೊಫೋಲಿ ಗೇಟನ್ನು (ಎರಡು ಕಂಟ್ರೋಲ್‌ಗಳೂ 1 ಆದರೆ ಮೂರನೆಯದನ್ನು ತಿರುಗಿಸುವುದು) 7 ಟಿ-ಗೇಟ್‌ಗಳ (ಪೈ ಬೈ 4 ಕೋನದ ಹಸಿರು ಚುಕ್ಕಿಗಳು) ಸರ್ಕ್ಯೂಟ್ ಆಗಿ ಬರೆಯಿರಿ, ಹಾಗೆ ಎರಡು ಟೊಫೋಲಿ ಬೆನ್ನಿಗೆ ಬೆನ್ನು ಇಡಿ. ಒಟ್ಟು 14 ಟಿ. ಅದನ್ನು ಚಿತ್ರವಾಗಿಸಿ ಲೈಬ್ರರಿಯ ಸರಳೀಕರಣ ಫುಲ್ ರಿಡ್ಯೂಸ್ ಓಡಿಸಿ. ಎರಡು ಟೊಫೋಲಿ ಸೇರಿದರೆ ಐಡೆಂಟಿಟಿ (ಏನೂ ಮಾಡದ್ದು) ತಾನೇ, ಅದನ್ನು ಪ್ರೋಗ್ರಾಮ್ ತಾನಾಗಿ ಕಂಡುಹಿಡಿಯುತ್ತದಾ ನೋಡಿ. ಆಮೇಲೆ ನಡುವೆ ಒಂದು ಹಾಡಮಾರ್ಡ್ ತೂರಿಸಿ ಮತ್ತೆ ಓಡಿಸಿ. ಈಗ ಟಿ ಎಷ್ಟು ಉಳಿಯಿತು, ಯಾಕೆ ಉಳಿಯಿತು ಎಂದು ಕೈಯಿಂದ ಚಿತ್ರ ಬರೆದು ವಿವರಿಸಿ.

ಇಲ್ಲಿ ಕೆಡುವ ಮೂರು ಜಾಗ ಇವೆ. ಟಿ-ಗೇಟ್ ಎಣಿಕೆ ಇಳಿದರೂ ಮತ್ತೆ ಸರ್ಕ್ಯೂಟ್ ಹೊರತೆಗೆದಾಗ ಎರಡು-ಕ್ಯೂಬಿಟ್ ಗೇಟ್‌ಗಳು ಎಷ್ಟೋ ಸಲ ಏರುತ್ತವೆ. ಒಂದನ್ನೇ ತೋರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಸರ್ಕ್ಯೂಟಿನ ಆಕಾರ ಉಳಿಸಿಕೊಂಡು ಫೇಸ್ ಮಾತ್ರ ಕಡಿಮೆ ಮಾಡಲು ಟೆಲಿಪೋರ್ಟ್ ರಿಡ್ಯೂಸ್ ಇದೆ, ಎರಡನ್ನೂ ಓಡಿಸಿ ಎರಡು ಎಣಿಕೆಯನ್ನೂ ಪಕ್ಕಪಕ್ಕ ಬರೆಯಿರಿ.

ಎರಡನೆಯದು: ಚಿತ್ರವನ್ನು ಮನಸ್ಸಿಗೆ ಬಂದಂತೆ ತಿದ್ದಿ, ಆಮೇಲೆ ಸರ್ಕ್ಯೂಟ್ ತೆಗೆಯಲು ಹೋದರೆ ಪ್ರೋಗ್ರಾಮ್ ನಿಂತುಬಿಡುತ್ತದೆ. ಚಿತ್ರ ಸರಿಯಿದ್ದರೂ ಅದರಿಂದ ಸರ್ಕ್ಯೂಟ್ ಸಿಕ್ಕೇ ಸಿಗುತ್ತದೆ ಎಂದಿಲ್ಲ. ಸಾಮಾನ್ಯ ಚಿತ್ರಕ್ಕೆ ಅದು ಶಾರ್ಪ್-ಪಿ ಮಟ್ಟದ (ದೊಡ್ಡ ಚಿತ್ರಕ್ಕೆ ಬಹುಶಃ ಕಂಪ್ಯೂಟರಿಗೂ ಎಟುಕದ) ಕಷ್ಟ ಎಂದು 2022ರಲ್ಲಿ ತೋರಿಸಲಾಗಿದೆ. ಲೈಬ್ರರಿಯ ಸರಳೀಕರಣಗಳು ಜಿ-ಫ್ಲೋ ಎಂಬ ಗುಣವನ್ನು ಕಾಪಾಡಿಕೊಂಡು ಹೋಗುತ್ತವೆ, ಅದಕ್ಕೇ ಅವುಗಳಿಂದ ವಾಪಸ್ ಬರಬಹುದು. ನಮ್ಮ ಕೈ ತಿದ್ದುಪಡಿಗೆ ಆ ಖಾತರಿ ಇಲ್ಲ.

ಮೂರನೆಯದು ತಾಳೆ. ಟೆನ್ಸರ್ ಹೋಲಿಸುವ ಫಂಕ್ಷನ್ ಇದೆ, ಆದರೆ ಅದು ಪೂರ್ತಿ ಮ್ಯಾಟ್ರಿಕ್ಸ್ ಕಟ್ಟುತ್ತದೆ. 12 ಕ್ಯೂಬಿಟ್‌ಗೆ 4096 ಬೈ 4096 ಕಾಂಪ್ಲೆಕ್ಸ್ ಸಂಖ್ಯೆಗಳು, ತಲಾ 16 ಬೈಟ್, ಸುಮಾರು 268 ಎಂಬಿ. 14ಕ್ಕೆ 4.3 ಜಿಬಿ, ಹೋಲಿಸಲು ಅಂಥವು ಎರಡು ಬೇಕು. 8 ಜಿಬಿ ಲ್ಯಾಪ್‌ಟಾಪ್ ಅಲ್ಲೇ ಹ್ಯಾಂಗ್. ಹತ್ತರೊಳಗೆ ಇರಲಿ.

---

ಮಾಟುಂಗಾ_ಮಾಣಿ:

ಒಂದು ಸೇರಿಸುತ್ತೇನೆ. 2023ರಲ್ಲಿ ಕೂಕೆ ತಂಡ ಬ್ರಿಟನ್ನಿನ ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ಬರೀ ಚಿತ್ರದಲ್ಲಿ ಕ್ವಾಂಟಮ್ ಕಲಿಸಿ ಪರೀಕ್ಷೆ ಮಾಡಿತು, ಹೆಚ್ಚಿನವರು ಪಾಸಾದರು. ಅದನ್ನು ತೋರಿಸಿ ಮ್ಯಾಟ್ರಿಕ್ಸ್ ಬೇಡ ಎನ್ನುವವರು ಸಿಗುತ್ತಾರೆ. ಅಲ್ಲಿ ಕೂತವರು ತಾವಾಗಿ ಅರ್ಜಿ ಹಾಕಿ ಬಂದ ಆಸಕ್ತರು, ಮತ್ತು ಕೇಳಿದ್ದು ಚಿತ್ರದಲ್ಲೇ ಉತ್ತರಿಸುವ ಪ್ರಶ್ನೆಗಳು. ಕಲಿಯಲು ಬಾಗಿಲು ಅದು, ಪಿಎಚ್‌ಡಿ ಸೀಟಿಗಲ್ಲ.

---

ಧಾರವಾಡ_ಟು_ಪಾಷಾಣ:

ತಂಗಿ, ಮೇಲ್‌ಗೆ ಹಚ್ಚೂ ಪಿಡಿಎಫ್ ಎರಡು ಪುಟ ದಾಟಬಾರ್ದು. ಕೈಯಿಂದ ಬರ್ದಿದ್ದರ ಫೋಟೊ ಹಚ್ಚಬ್ಯಾಡ್ರಿ. ಟಿಕ್‌ಝಿಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಅದ, ಮೌಸ್‌ನಿಂದ ಚುಕ್ಕಿ ಇಟ್ಟು ತಂತಿ ಎಳದ್ರ ಲೇಟೆಕ್‌ಗೆ ಬೇಕಾದ ಕೋಡ್ ಅದ ಬರೀತದ. ಬಣ್ಣದ ಕಡೆ ಲಕ್ಷ್ಯ ಇರ್ಲಿ: ಹಸಿರು ತಿಳಿ, ಕೆಂಪು ಗಾಢ ಇಡ್ರಿ. ಎರಡೂ ಒಂದ ಹದದ್ದಾದ್ರ ಕಪ್ಪು-ಬಿಳಿ ಪ್ರಿಂಟ್‌ನ್ಯಾಗ ಒಂದ ಥರ ಬೂದು ಕಾಣ್ತಾವ, ಕೆಂಪು-ಹಸಿರು ಗುರುತು ಹತ್ತದ ಕಣ್ಣಿನವ್ರಿಗಂತೂ ಪರದೆ ಮ್ಯಾಲನೂ ತಿಳಿಯೂದಿಲ್ಲ. ಮೊದಲನೇ ಪುಟದ ಮ್ಯಾಲ ಒಂದು ಸಾಲು ಬರೀರಿ: ತಿಳಿ (ಹಸಿರು) ಚುಕ್ಕಿ ಝಡ್, ಗಾಢ (ಕೆಂಪು) ಚುಕ್ಕಿ ಎಕ್ಸ್, ಗುಣಕ ಬರ್ದೀನೋ ಬಿಟ್ಟೀನೋ. ಗುಣಕ ಬಿಟ್ಟಿದ್ರ ಸಮ ಚಿಹ್ನೆ ಹಾಕಬ್ಯಾಡ್ರಿ, ಅನುಪಾತದ ಚಿಹ್ನೆ ಹಾಕ್ರಿ.